ಲಿಫ್ಟ್ ಕೈಪಿಡಿಯ ಒಂದನೇ ಹೆಜ್ಜೆ

ಯಂತ್ರ ನಿರ್ವಹಣಾ ಕಚೇರಿಯ ಲಿಫ್ಟ್ ಕೆಟ್ಟಿಲ್ಲ. ಅದು ಮೂರನೇ ಮಹಡಿ ದಾಟಿ, ನಾಲ್ಕನೇ ಮಹಡಿಗೆ ಒಂದು ಮೊಣಕಾಲಷ್ಟು ಕೆಳಗೆ ನಿಂತಿದೆ. ನಿಲ್ಲುವುದು ಲಿಫ್ಟ್‌ನ ಕೆಲಸಗಳಲ್ಲಿ ಒಂದು; ಅದನ್ನು ಅದು ಸಮರ್ಪಕವಾಗಿ ನಿರ್ವಹಿಸುತ್ತಿದೆ. ಈ ವಿಷಯದಲ್ಲಿ ಸಾರ್ವಜನಿಕರು ತಪ್ಪು ತಿಳಿಯಬಾರದೆಂದು ನೆಲಮಹಡಿಯಲ್ಲಿ ಪ್ರಕಟಣೆ ಹಾಕಲಾಗಿದೆ. ಪ್ರಕಟಣೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಮೆಟ್ಟಿಲು ಎಡಗಡೆ ಇದೆ’ ಎಂದೂ ಇದೆ.

ಲಿಫ್ಟ್ ನಿಂತಾಗ ಒಳಗಿದ್ದವನು ಕಚೇರಿಯ ದಾಖಲೆಗಾರ. ಅವನನ್ನು ಎಲ್ಲರೂ ಅನುಬಂಧ ಎಂದೇ ಕರೆಯುತ್ತಿದ್ದರು. ಏನು ಬರೆದರೂ ಕೊನೆಗೆ ಒಂದು ಅನುಬಂಧ ಸೇರಿಸದೆ ಅವನಿಗೆ ಸಮಾಧಾನವಿರಲಿಲ್ಲ. ರಜೆ ಚೀಟಿಗೂ ಅನುಬಂಧ ಇರುತ್ತಿತ್ತು. ಭೌತಶಾಸ್ತ್ರ ಓದಿದ್ದ ಹುಡುಗ. ಪ್ರಯೋಗಾಲಯದಲ್ಲಿ ಕಲಿತ ಶಿಸ್ತನ್ನು ಲೋಕಕ್ಕೂ ಕಲಿಸಬಹುದೆಂದು ನಂಬಿದ್ದ.

ಅವನು ಕೆಲಸಕ್ಕೆ ಸೇರಿದ್ದಕ್ಕೆ ಕಾರಣ ನಿರ್ದೇಶಕರು. ಅವರು ಒಂದು ವಿಚಾರ ಸಂಕಿರಣಕ್ಕೆ ಹೋಗಿ, ಒಂದು ಚರ್ಮದ ಚೀಲ ಮತ್ತು ಒಂದು ವಿಚಾರದೊಂದಿಗೆ ಹಿಂದಿರುಗಿದ್ದರು. ಬರೆದಿಡದ ಕೆಲಸ ಕೆಲಸವೇ ಅಲ್ಲ ಎಂಬುದು ವಿಚಾರ. ಅದುವರೆಗೆ ಕಚೇರಿಯವರು ಪಂಪು, ಜನರೇಟರು, ಲಿಫ್ಟುಗಳನ್ನು ರಿಪೇರಿ ಮಾಡಿಕೊಂಡು ಬಂದಿದ್ದರು. ಅದೆಲ್ಲ ಕೆಲಸವಾಗಿರಲಿಲ್ಲ ಎಂದು ತಿಳಿದು ಅವರಿಗೆ ಬೇಸರವಾಯಿತು. ಬರೆದಿಡಲು ಅನುಬಂಧನನ್ನು ತಾತ್ಕಾಲಿಕ ನೆಲೆಯಲ್ಲಿ ತೆಗೆದುಕೊಂಡರು.

ಅನುಬಂಧ ಮೊದಲು ನಿಯಮ ಬರೆದ. ಒಂದು ವಿಷಯ ಒಂದೇ ಕಡೆ ಇರಬೇಕು. ನಕಲು ಇದ್ದರೆ ಯಾವುದು ಸರಿ ಎಂಬ ಗೊಂದಲ ಹುಟ್ಟುತ್ತದೆ. ಯಂತ್ರದ ಕೈಪಿಡಿ ಯಂತ್ರದ ಬಳಿಯೇ ಇರಬೇಕು. ಬೀರುವಿನಲ್ಲಿಟ್ಟರೆ ಯಾರೂ ಓದುವುದಿಲ್ಲ. ಬರೆದವನೇ ಅದನ್ನು ಪರಿಶೀಲಿಸುವಂತಿಲ್ಲ. ಕೈಪಿಡಿಯಲ್ಲಿಲ್ಲದ್ದನ್ನು ಯಾರೂ ಮಾಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೈಪಿಡಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅದು ಒಂದು ಕ್ಷಣವೂ ಸುಳ್ಳಾಗಿರಬಾರದು.

ನಿಯಮಗಳೆಲ್ಲ ಒಳ್ಳೆಯವು. ಬಿಡಿಬಿಡಿಯಾಗಿ ನೋಡಿದರೆ ಇಂದಿಗೂ ಯಾವುದರಲ್ಲೂ ತಪ್ಪು ಸಿಗುವುದಿಲ್ಲ.

ಲಿಫ್ಟ್‌ನ ಕೈಪಿಡಿ ಅವನ ಅತ್ಯುತ್ತಮ ಕೃತಿ. ಲಿಫ್ಟ್ ಮೆಕ್ಯಾನಿಕ್ಕನನ್ನು ಎದುರಿಗೆ ಕೂರಿಸಿಕೊಂಡು, ಅವನಿಗೆ ಗೊತ್ತಿದ್ದನ್ನೆಲ್ಲ ಹೇಳಿಸಿ ಬರೆದುಕೊಂಡಿದ್ದ. ಮೂಲ ಪಠ್ಯ ಬೆರಳಷ್ಟು ದಪ್ಪ, ಅನುಬಂಧಗಳು ಗೇಣಷ್ಟು. ಕೊನೆಗೆ ಮೆಕ್ಯಾನಿಕ್ಕನಿಂದ ಜ್ಞಾನ ಹಸ್ತಾಂತರ ಪತ್ರಕ್ಕೆ ಸಹಿ ಹಾಕಿಸಿದ: ‘ಮೇಲ್ಕಂಡ ಜ್ಞಾನದ ಯಾವುದೇ ಪ್ರತಿಯನ್ನು ನನ್ನ ತಲೆಯಲ್ಲಾಗಲೀ ಕೈಯಲ್ಲಾಗಲೀ ಉಳಿಸಿಕೊಂಡಿರುವುದಿಲ್ಲ.’ ಸಹಿ ಹಾಕಿದ ಮೇಲೆ ಮೆಕ್ಯಾನಿಕ್ಕನಿಗೆ ಹೆಗಲ ಭಾರ ಇಳಿದಂತಾಗಿ, ರಾತ್ರಿ ಒಳ್ಳೆಯ ನಿದ್ದೆ ಬರತೊಡಗಿತು. ಸಂಬಳ ಅಷ್ಟೇ ಇತ್ತು.

ಪರಿಶೀಲನಾ ಸಮಿತಿ ಕೈಪಿಡಿಯನ್ನು ತೂಗಿ ನೋಡಿ, ಅಂಚಿನ ಜಾಗ ಸಮನಾಗಿದೆ ಎಂದು ಮೆಚ್ಚಿ, ಅಂಗೀಕರಿಸಿತು. ಆ ಒಂದೇ ಪ್ರತಿಯನ್ನು ಲಿಫ್ಟ್‌ನ ಒಳಗೆ ಹಲಗೆಯೊಂದರ ಮೇಲಿಟ್ಟು, ಕಳುವಾಗದಂತೆ ಸರಪಳಿ ಹಾಕಿದರು. ಯಂತ್ರಕ್ಕೆ ಇದಕ್ಕಿಂತ ಹತ್ತಿರದ ಜಾಗ ಇನ್ನೊಂದಿರಲಿಲ್ಲ.

ಆ ದಿನ ಅನುಬಂಧ ಇಸ್ತ್ರಿ ಅಂಗಿ ತೊಟ್ಟು ಆರನೇ ಮಹಡಿಗೆ ಹೊರಟಿದ್ದ. ಅಲ್ಲಿ ನಿರ್ದೇಶಕರು ಅವನ ಖಾಯಂ ನೇಮಕದ ಆದೇಶ ಕೊಡುವವರಿದ್ದರು. ಸಂಜೆ ಅವರಿಗೆ ಮತ್ತೊಂದು ಸಂಕಿರಣಕ್ಕೆ ಪ್ರಯಾಣ. ಆದೇಶ ಸಿಗದಿದ್ದರೆ ಬಾಡಿಗೆ ಮನೆ ಇಲ್ಲ. ಮನೆ ಮಾಲೀಕರು ಖಾಯಂ ನೌಕರರಿಗೆ ಮಾತ್ರ ಎಂದು ಖಡಾಖಂಡಿತವಾಗಿ ಹೇಳಿದ್ದರು. ಮದುವೆಯಾದಾಗಿನಿಂದ ಗಂಡ ಹೆಂಡತಿ ಇಬ್ಬರೂ ಅವಳ ಅಣ್ಣನ ಮನೆಯ ಹೊಲಿಗೆ ಯಂತ್ರದ ಕೋಣೆಯಲ್ಲಿ ಮಲಗುತ್ತಿದ್ದರು. ಬೆಳಿಗ್ಗೆ ಅತ್ತಿಗೆ ಹೊಲಿಯಲು ಬರುವ ಮುಂಚೆ ಎದ್ದು ಹಾಸಿಗೆ ಸುತ್ತಬೇಕಾಗಿತ್ತು.

“ಇವತ್ತು ಆದೇಶ ತಗೊಂಡೇ ಬನ್ನಿ,” ಎಂದಿದ್ದಳು ಹೆಂಡತಿ. “ಅತ್ತಿಗೆ ಈಗ ನನ್ನ ನೋಡಿದ್ರೆ ಕತ್ತರಿ ಎತ್ಕೊಳ್ತಾರೆ. ಬಟ್ಟೆಗೋ ನಂಗೋ ಗೊತ್ತಾಗಲ್ಲ.”

“ಸಂಜೆ ಕೀಲಿಕೈ ನಿನ್ನ ಕೈಲಿರುತ್ತೆ,” ಎಂದು ಅವನು ಹೊರಟಿದ್ದ.

ಲಿಫ್ಟ್ ಒಮ್ಮೆ ಕೆಮ್ಮಿ ನಿಂತಿತು. ಬಾಗಿಲಿನ ಎರಡು ರೆಕ್ಕೆಗಳ ನಡುವೆ ಅಂಗೈ ಅಗಲದ ಸಂದು ಉಳಿದಿತ್ತು. ಅನುಬಂಧ ಸಂದಿಗೆ ಮುಖವಿಟ್ಟು ಕೂಗಿದ. ಮೆಟ್ಟಿಲ ಬಳಿ ಚಹಾ ಕುಡಿಯುತ್ತಿದ್ದ ಮೆಕ್ಯಾನಿಕ್ ಬಂದು, ಲೋಟ ಕೆಳಗಿಟ್ಟು, ಸಂದಿಗೆ ಒಂದು ಕಣ್ಣಿಟ್ಟ.

“ಯಾರು, ಅನುಬಂಧ ಸಾರಾ? ಏನ್ಸಾರ್ ಅಲ್ಲಿ?”

“ಲಿಫ್ಟ್ ನಿಂತಿದೆ. ಬೇಗ ತೆಗಿ ಮಾರಾಯ, ನಿರ್ದೇಶಕರು ಕಾಯ್ತಿದ್ದಾರೆ.”

“ತೆಗೆಯೋದು ಹೇಗೆ ಸಾರ್?”

“ಹೇಗೆ ಅಂದ್ರೆ? ಮೊದಲೆಲ್ಲ ನೀನೇ ತೆಗೀತಿದ್ದೆ!”

“ಮೊದಲು ಸರಿ. ಈಗ ಹಸ್ತಾಂತರ ಆಗಿದೆಯಲ್ಲ. ನಂಗೆ ಏನೂ ಗೊತ್ತಿಲ್ಲ, ಸಹಿ ಹಾಕಿದ್ದೀನಿ.” ಅವನ ದನಿಯಲ್ಲಿ ಕುಹಕವಿರಲಿಲ್ಲ. “ಕೈಪಿಡಿ ಕೊಡಿ, ನೋಡಿ ಮಾಡ್ತೀನಿ.”

ಕೈಪಿಡಿಯ ಸರಪಳಿ ಬಾಗಿಲವರೆಗೆ ಬರುತ್ತಿತ್ತು. ಆದರೆ ಸಂದಿನಲ್ಲಿ ಕೈಪಿಡಿ ತೂರಲಿಲ್ಲ. ಮೂಲ ಪಠ್ಯ ತೂರುತ್ತಿತ್ತು. ಅನುಬಂಧಗಳು ಅಡ್ಡ ಬಂದವು. ಹಾಳೆ ಕಿತ್ತರೆ ದಾಖಲೆ ಅಮಾನ್ಯವಾಗುತ್ತದೆ ಎಂಬುದು ಅನುಬಂಧ ಎರಡರಲ್ಲೇ ಇತ್ತು.

“ನಾನು ಓದ್ತೀನಿ, ನೀನು ಮಾಡು,” ಎಂದ ಅನುಬಂಧ.

ಅಷ್ಟರಲ್ಲಿ ದಾಖಲೆ ವಿಭಾಗದ ಮುಖ್ಯಸ್ಥೆ ಮೇಡಂ ಮೆಟ್ಟಿಲಿಳಿದು ಬಂದರು. ವಿಷಯ ಕೇಳಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಅಲ್ಲಪ್ಪಾ, ನೀನು ಓದಿ ಹೇಳಿದ್ರೆ ಇವನ ತಲೇಲಿ ಎರಡನೇ ಪ್ರತಿ ಆಗೋದಿಲ್ವಾ?”

ಅನುಬಂಧ ಯೋಚಿಸಿದ. ಆಗುತ್ತಿತ್ತು. ತನ್ನ ನಿಯಮವನ್ನು ಇನ್ನೊಬ್ಬರು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿದ್ದನ್ನು ಅವನು ಮೊದಲ ಸಲ ಕಂಡಿದ್ದ; ಆ ಸ್ಥಿತಿಯಲ್ಲೂ ಸ್ವಲ್ಪ ಸಂತೋಷವಾಯಿತು.

“ಮೇಡಂ, ಕೇಳಿದ ಕೂಡಲೇ ಮರೆತರೆ?” ಎಂದ.

“ಮರೆಯೋದು ನಂಗೆ ಬಿಟ್ಬಿಡಿ,” ಎಂದ ಮೆಕ್ಯಾನಿಕ್. “ಮನೇಲಿ ಕೇಳಿ ನೋಡಿ ಬೇಕಾದ್ರೆ.”

ಮರೆಯುವುದಾಗಿ ಅವನಿಂದ ಮುಚ್ಚಳಿಕೆ ಬರೆಸಿಕೊಂಡ ಮೇಲೆ ಮೇಡಂ ಒಪ್ಪಿದರು. ಅನುಬಂಧ ‘ನಿಂತ ಲಿಫ್ಟ್‌ನ ಬಾಗಿಲು ತೆರೆಯುವ ವಿಧಾನ’ ಅಧ್ಯಾಯ ತೆಗೆದು, ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾಗಿ ಓದಿದ:

“ಒಂದನೇ ಹೆಜ್ಜೆ. ಲಿಫ್ಟ್‌ನ ಒಳಗೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು.”

ಮೆಕ್ಯಾನಿಕ್ ಸಂದಿಗೆ ಕಣ್ಣಿಟ್ಟು ಒಳಗೆ ನೋಡಿದ. ಮೂಲೆ ಮೂಲೆ ನೋಡಿದ.

“ಸಾರ್, ನೀವಿದ್ದೀರಲ್ಲ.”

“ಇದ್ದೀನಿ.”

“ಹಾಗಾದ್ರೆ ಎರಡನೇ ಹೆಜ್ಜೆಗೆ ಹೋಗೋ ಹಾಗಿಲ್ಲ,” ಎಂದು ಅವನು ಚಹಾ ಲೋಟ ಎತ್ತಿಕೊಂಡ.

ಆ ಸಾಲನ್ನು ಅನುಬಂಧ ಸುರಕ್ಷತೆಯ ದೃಷ್ಟಿಯಿಂದ ಬರೆದಿದ್ದ. ಎಲ್ಲ ಯಂತ್ರದ ಕೈಪಿಡಿಗೂ ಅದೇ ಒಂದನೇ ಹೆಜ್ಜೆ. ಪಂಪಿನಲ್ಲಿ, ಜನರೇಟರಿನಲ್ಲಿ ಅದರಿಂದ ತೊಂದರೆ ಬಂದಿರಲಿಲ್ಲ. ಅವುಗಳ ಒಳಗೆ ಯಾರೂ ಹೋಗುವುದಿಲ್ಲ.

“ಸಾಲು ತಿದ್ದಿಬಿಡ್ತೀನಿ,” ಎಂದು ಜೇಬಿನಿಂದ ಪೆನ್ನು ತೆಗೆದ.

“ಬರೆದವನೇ ಪರಿಶೀಲಿಸೋ ಹಾಗಿಲ್ಲ ಅಂತ ನೀನೇ ಬರೆದಿದ್ದೀಯ,” ಎಂದರು ಮೇಡಂ. “ತಿದ್ದುಪಡಿ ಸಮಿತಿಗೆ ಬರಲಿ. ಅವರು ಮೂಲ ಪ್ರತಿ ನೋಡಿ ಒಪ್ಪಬೇಕು.”

“ಮೂಲ ಪ್ರತಿ ಇಲ್ಲಿದೆ.”

“ಹೌದಲ್ಲ. ಸಮಿತಿಯವರು ಒಳಗೆ ಬರಬೇಕಾಗುತ್ತೆ.”

“ಬಾಗಿಲು ತೆಗೆದ್ರೆ ಬರಬಹುದು, ಮೇಡಂ.”

“ನೋಡೋಣಪ್ಪಾ. ಒಂದೊಂದೇ ಬಗೆಹರಿಸೋಣ. ನೀನು ಎಲ್ಲಿಗೂ ಹೋಗ್ಬೇಡ.”

ಸಂಜೆ ನಿರ್ದೇಶಕರು ಪ್ರಯಾಣಕ್ಕೆ ಹೊರಟು, ಮೆಟ್ಟಿಲಲ್ಲಿ ಇಳಿಯುತ್ತ, ಲಿಫ್ಟ್‌ನ ಮುಂದೆ ನಿಂತರು. ಆದೇಶ ಅವರ ಚರ್ಮದ ಚೀಲದಲ್ಲೇ ಇತ್ತು.

“ಬರಲೇ ಇಲ್ವಲ್ಲಯ್ಯ! ಆದೇಶವನ್ನ ಖುದ್ದಾಗಿ, ಕಚೇರಿಯಲ್ಲಿ ಸ್ವೀಕರಿಸಬೇಕು.”

“ಕಚೇರಿಯಲ್ಲೇ ಇದ್ದೀನಿ ಸಾರ್.”

“ಇದು ಮೂರನೇ ಮಹಡೀನೂ ಅಲ್ಲ, ನಾಲ್ಕನೇದೂ ಅಲ್ಲ. ಇದು ಕಚೇರಿ ಹೇಗಾಗುತ್ತೆ?” ಎಂದು ಅವರು ನೊಂದುಕೊಂಡರು. “ಬಂದ ಮೇಲೆ ನೋಡೋಣ. ಧೈರ್ಯವಾಗಿರು. ಸಂಕಿರಣದಲ್ಲಿ ನಿನ್ನ ಕೈಪಿಡಿ ಬಗ್ಗೆಯೇ ಮಾತಾಡ್ತಿದ್ದೀನಿ.”

ಅವರ ಬೂಟಿನ ಸದ್ದು ಕೆಳಗೆ ಕರಗಿತು. ಅದರ ಹಿಂದೆಯೇ ಚಪ್ಪಲಿಯ ಸದ್ದೊಂದು ಮೇಲೆ ಬಂತು. ಆ ಸದ್ದು ಅನುಬಂಧನಿಗೆ ಗೊತ್ತಿತ್ತು.

“ರೀ, ಎಲ್ಲಿದ್ದೀರಿ? ಆದೇಶ ಎಲ್ಲಿ?”

ಅವನು ಒಂದನೇ ಹೆಜ್ಜೆಯಿಂದ ಹಿಡಿದು ಎಲ್ಲವನ್ನೂ ಕ್ರಮವಾಗಿ ವಿವರಿಸಿದ. ಹೆಂಡತಿ ಪೂರ್ತಿ ಕೇಳಿದಳು. ಆಮೇಲೆ ಮೆಕ್ಯಾನಿಕ್ಕನ ಕಡೆ ತಿರುಗಿದಳು.

“ಅಣ್ಣಾ, ಒಂದು ಸಲಾಕೆ ಕೊಡಿ. ಮೀಟಿಬಿಡ್ತೀನಿ.”

“ಸಲಾಕೆ ಸಲಕರಣೆ ಪಟ್ಟೀಲಿ ಇಲ್ಲಮ್ಮ.”

“ಪಟ್ಟೀಲಿ ಇಲ್ಲ. ನಿಮ್ಮ ಕೈಲಿ ಇರೋದೇನು?”

ಮೆಕ್ಯಾನಿಕ್ ಕೈಯಲ್ಲಿದ್ದ ಸಲಾಕೆಯನ್ನು ನೋಡಿಕೊಂಡ. “ಇದು ಇಲ್ಲ ಅಂತಾನೇ ಲೆಕ್ಕ,” ಎಂದು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡ.

“ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ಸೇರಿದ್ದೀರಿ!” ಎಂದು ಹೆಂಡತಿ ಮೆಟ್ಟಿಲ ಮೇಲೆ ಕೂತಳು. “ರೀ, ನೀವಾದ್ರೂ ಹೇಳಿ. ಮೀಟಲಾ ಬೇಡ್ವಾ?”

ಅನುಬಂಧ ಸಂದಿನಿಂದ ಅವಳನ್ನು ನೋಡಿದ. ಒಂದು ಕಣ್ಣು, ಅರ್ಧ ಮೂಗು, ಕೆದರಿದ ಮುಂಗೂದಲು ಕಾಣುತ್ತಿತ್ತು. ಮೀಟು ಎನ್ನುವ ಮಾತು ತುಟಿಯವರೆಗೆ ಬಂದಿತ್ತು. ಆದರೆ ತಾನು ಬರೆದ ಕೈಪಿಡಿಯನ್ನು ತಾನೇ ಮೊದಲು ಮೀರಿದರೆ ನಾಳೆ ಖಾಯಂ ಮಾಡಿ ಎಂದು ಯಾವ ಮುಖದಲ್ಲಿ ಕೇಳುವುದು?

“ಸ್ವಲ್ಪ ತಾಳು,” ಎಂದ. “ಸಮಿತಿ ಕೂರುತ್ತೆ.”

“ಮಾಡಿದ್ದುಣ್ಣೋ ಮಹರಾಯ,” ಎಂದು ಅವಳು ಊಟದ ಡಬ್ಬಿ ತರಲು ಎದ್ದಳು. ಡಬ್ಬಿ ಸಂದಿನಲ್ಲಿ ತೂರಲಿಲ್ಲ. ಚಪ್ಪಟೆ ಡಬ್ಬಿ ಹುಡುಕಿ ತಂದಳು. ಉಳಿದ ಸೌಕರ್ಯಗಳಿಗೆ ಅನುಬಂಧ ಆರು ನೋಡುವುದು.

ಸಮಿತಿ ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿತು. ಆರನೇ ಮಹಡಿಯಿಂದ ಸ್ಥಳಕ್ಕೆ ಬಂದದ್ದಕ್ಕೆ ಪ್ರವಾಸ ಭತ್ಯೆ, ಅಲ್ಲಿ ಕೂತದ್ದಕ್ಕೆ ಸಭಾ ಭತ್ಯೆ ಮಂಜೂರಾದವು. ಬಿಸ್ಕತ್ತು ಬಂತು. ಎರಡು ಬಿಸ್ಕತ್ತನ್ನು ಸಂದಿನಲ್ಲಿ ಅನುಬಂಧನಿಗೂ ಕೊಟ್ಟರು. ಮೂಲ ಪ್ರತಿ ನೋಡದೆ ವಿಧಾನವನ್ನು ತಿದ್ದಲು ಸಾಧ್ಯವಿಲ್ಲ ಎಂದು ಮೊದಲ ಸಭೆ ತೀರ್ಮಾನಿಸಿತು. ಮುಂದಿನ ಸಭೆ ಅದನ್ನು ದೃಢೀಕರಿಸಿತು. ಅದರ ಮುಂದಿನದರಲ್ಲಿ ಬಿಸ್ಕತ್ತು ಬದಲಾಯಿತು. ಸದಸ್ಯರಿಗೆ ಕೆಲಸ ಹಿಡಿಸಿತ್ತು. ಅವಸರ ಯಾರಿಗೂ ಇರಲಿಲ್ಲ.

ಕೊನೆಗೆ ದಾರಿ ತೋರಿಸಿದವನು ಅನುಬಂಧನೇ. ರಾತ್ರಿಯೆಲ್ಲ ಕೈಪಿಡಿಯನ್ನೇ ದಿಂಬು ಮಾಡಿಕೊಂಡು ಮಲಗುತ್ತಿದ್ದ ಅವನಿಗೆ ಒಂದು ದಿನ ಹೊಳೆಯಿತು.

“ಮೇಡಂ, ವಿಧಾನ ತಿದ್ದೋದು ಬೇಡ. ಕೈಪಿಡಿ ಇದ್ದದ್ದನ್ನ ಇದ್ದ ಹಾಗೆ ಹೇಳಬೇಕು ತಾನೇ? ಲಿಫ್ಟ್‌ನ ಬಿಡಿಭಾಗಗಳ ಪಟ್ಟಿ ಇದೆ. ದೀಪ, ಫ್ಯಾನು, ಕನ್ನಡಿ, ಗುಂಡಿಗಳು. ಈಗ ಇದರಲ್ಲಿ ನಾನೂ ಇದ್ದೀನಿ. ಪಟ್ಟಿಗೆ ವಸ್ತು ಸೇರಿಸೋಕೆ, ತೆಗೆಯೋಕೆ ಪರಿಶೀಲನೆ ಬೇಡ. ದಾಖಲೆಗಾರನ ಸಹಿ ಸಾಕು. ನಿಯಮದಲ್ಲೇ ಇದೆ.”

“ಸೇರಿಸಿದ್ರೆ?”

“ನಾನು ಲಿಫ್ಟ್‌ನ ಭಾಗ ಆಗ್ತೀನಿ. ಆಗ ಒಳಗೆ ಯಾರೂ ಇರೋದಿಲ್ಲ.”

ಮೇಡಂ ಕನ್ನಡಕ ತೆಗೆದರು. ಈ ಸಲ ಒರೆಸಿದ್ದು ಕಣ್ಣನ್ನು. “ಇಂಥ ತಲೆ ತಾತ್ಕಾಲಿಕ ನೆಲೆಯಲ್ಲಿ ಇರಬಾರದು ಕಣಪ್ಪಾ,” ಎಂದರು.

ಅನುಬಂಧ ಕೈಪಿಡಿ ತೆರೆದು, ಕನ್ನಡಿಯ ಕೆಳಗೆ, ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದ: ‘ದಾಖಲೆಗಾರ, ಒಂದು. ಸ್ಥಿತಿ: ಉತ್ತಮ.’ ಸಹಿ ಹಾಕಿದ.

ಈ ನಡುವೆ ನಿರ್ದೇಶಕರು ಹೊಸ ಚೀಲದೊಂದಿಗೆ ಹಿಂದಿರುಗಿದ್ದರು. ಲಿಫ್ಟ್ ಕಚೇರಿಯ ಆಸ್ತಿ, ಲಿಫ್ಟ್‌ನ ಭಾಗಗಳೂ ಕಚೇರಿಯ ಆಸ್ತಿ. ಆದ್ದರಿಂದ ದಾಖಲೆಗಾರ ಈಗ ಕಚೇರಿಯಲ್ಲೇ ಇದ್ದಾನೆ ಎಂದು ಅವರು ಒಪ್ಪಿದರು. ಖಾಯಂ ಆದೇಶವನ್ನು ಸಂದಿನಲ್ಲಿ ತೂರಿಸಿ, ಬೆರಳು ಕುಲುಕಿದರು. ಮೆಟ್ಟಿಲ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅನುಬಂಧ ಆದೇಶವನ್ನು ಎರಡು ಸಲ ಓದಿ, ಅದೇ ಸಂದಿನಿಂದ ಹೆಂಡತಿಗೆ ಕೊಟ್ಟ.

ಅವಳು ಆದೇಶವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಇದಾಯ್ತು. ಈಗ ಮನುಷ್ಯನ್ನ ಕೊಡಿ.”

ಮೆಕ್ಯಾನಿಕ್ ಸಂದಿಗೆ ಕಣ್ಣಿಟ್ಟ. “ದೀಪ ಇದೆ, ಫ್ಯಾನಿದೆ, ಕನ್ನಡಿ ಇದೆ, ದಾಖಲೆಗಾರ ಇದೆ. ಒಳಗೆ ಯಾರೂ ಇಲ್ಲ!” ಎಂದು ಘೋಷಿಸಿದ. ಎರಡನೇ ಹೆಜ್ಜೆಯನ್ನು ಅನುಬಂಧ ಓದಿದ. ಮೆಕ್ಯಾನಿಕ್ ಬಾಗಿಲ ಮೇಲಿನ ತೂತಿಗೆ ಕೀಲಿ ಹಾಕಿ ತಿರುಗಿಸಿದ.

ಬಾಗಿಲು ತೆರೆಯಿತು.

ಅಷ್ಟು ಸಲೀಸಾಗಿ ತೆರೆಯಿತು. ಎದುರಿಗೆ, ಒಂದು ಮೊಣಕಾಲು ಎತ್ತರದಲ್ಲಿ, ಹೆಂಡತಿ ನಿಂತಿದ್ದಳು. ಪೂರ್ತಿ ಮುಖ, ಎರಡೂ ಕಣ್ಣು. ಬಗ್ಗಿ ಕೈ ಚಾಚಿದಳು.

“ಬನ್ನಿ, ಹತ್ತಿ. ಮಾಲೀಕರು ಕಾಯ್ತಿದ್ದಾರೆ. ಕೀಲಿಕೈ ತಗೊಂಡು ಹಾಗೇ ಮನೆಗೆ ಹೋಗೋಣ.”

ಅನುಬಂಧ ಅವಳ ಕೈ ಹಿಡಿದ. ಒಂದು ಕಾಲು ಮೇಲಿಟ್ಟ. ಆಮೇಲೆ ನಿಂತ. ತಿರುಗಿ, ಹಲಗೆಯ ಮೇಲೆ ತೆರೆದೇ ಇದ್ದ ಕೈಪಿಡಿಯ ಕಡೆ ನೋಡಿದ.

“ಏನ್ರೀ?”

“ನಾನು ಹೊರಗೆ ಬಂದ್ರೆ ಪಟ್ಟಿ ಸುಳ್ಳಾಗುತ್ತಲ್ಲ.”

“ಆಗ್ಲಿ ಬಿಡಿ!”

“ಒಂದು ಸಾಲು ಅಷ್ಟೆ. ಹೊಡೆದುಹಾಕಿ ಬರ್ತೀನಿ. ಎರಡು ನಿಮಿಷ.”

“ರೀ, ಹತ್ತಿ ಮೊದಲು. ಆಮೇಲೆ ಕೈ ಚಾಚಿ ಹೊಡೀರಿ.”

“ಅಷ್ಟರವರೆಗೆ ಸುಳ್ಳಾಗೇ ಇರುತ್ತಲ್ಲೇ,” ಎಂದು ಅವನು ಮೆತ್ತಗೆ ಕೈ ಬಿಡಿಸಿಕೊಂಡ. ಜೇಬಿನಿಂದ ಪೆನ್ನು ತೆಗೆದು, ಕೈಪಿಡಿಯ ಮೇಲೆ ಬಗ್ಗಿ, ಕನ್ನಡಿಯ ಕೆಳಗಿನ ಸಾಲಿನ ಮೇಲೆ ನೇರವಾದ ಗೆರೆ ಎಳೆದ. ಪಕ್ಕದಲ್ಲಿ ಸಹಿ ಹಾಕಿದ.

ಮೆಕ್ಯಾನಿಕ್ ಸಹಿಯನ್ನು ನೋಡಿದ. ಆಮೇಲೆ ಅನುಬಂಧನನ್ನು ನೋಡಿದ.

“ಸಾರ್, ಈಗ ಒಳಗೆ ಒಬ್ಬರಿದ್ದಾರೆ,” ಎಂದು ಕೀಲಿಯನ್ನು ಹಿಂದಕ್ಕೆ ತಿರುಗಿಸಿದ.

ಬಾಗಿಲು ಮುಚ್ಚಿತು. ಅಂಗೈ ಅಗಲದ ಸಂದು ಮೊದಲಿನಂತೆಯೇ ಉಳಿಯಿತು. ಮೆಕ್ಯಾನಿಕ್ ಮಾಡಿದ್ದು ಸರಿಯೆಂದು ಅನುಬಂಧ ಒಳಗಿನಿಂದಲೇ ದೃಢಪಡಿಸಿದ. ಹೆಂಡತಿ ಏನೋ ಅಂದಳು. ಅದನ್ನು ಸಭೆಯ ನಡಾವಳಿಯಿಂದ ತೆಗೆದುಹಾಕಲಾಗಿದೆ.

ಈಗ ಇದು ಕಚೇರಿಯ ನಿಯತ ಪ್ರಕ್ರಿಯೆ. ಸಮಿತಿ ಕೂರುತ್ತದೆ, ಭತ್ಯೆ ಪಡೆಯುತ್ತದೆ. ದಾಖಲೆಗಾರ ತನ್ನನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತಾನೆ. ಬಾಗಿಲು ತೆರೆಯುತ್ತದೆ. ಅವನು ಸಾಲು ಹೊಡೆಯುತ್ತಾನೆ. ಬಾಗಿಲು ಮುಚ್ಚುತ್ತದೆ. ಒಮ್ಮೆ ಅವನು ಪಟ್ಟಿಗೆ ಸೇರಿದ ಕೂಡಲೇ ಹೆಂಡತಿ ಉಪಾಯವಾಗಿ ಅವನ ಪೆನ್ನು ಇಸಕೊಂಡಿದ್ದಳು; ಸಾಲು ಹೊಡೆಯಲಾಗದೆ ಅವನು ತೆರೆದ ಬಾಗಿಲಲ್ಲೇ ಪೆನ್ನಿಗಾಗಿ ಕಾದ. ಇಂಥ ಕಷ್ಟ ಮತ್ತೆ ಬಾರದಿರಲೆಂದು ಕಚೇರಿಯೇ ಒಂದು ಪೆನ್ನು ಒದಗಿಸಿ, ಅದಕ್ಕೂ ಸರಪಳಿ ಹಾಕಿದೆ. ಬೇರೆ ಕಚೇರಿಗಳಿಂದ ಜನ ನೋಡಲು ಬರುತ್ತಾರೆ. ಇಷ್ಟು ಕರಾರುವಾಕ್ಕಾದ, ಯಂತ್ರಕ್ಕೆ ಇಷ್ಟು ಹತ್ತಿರವಿರುವ, ಬರೆದವನೇ ಸದಾ ಕೈಗೆ ಸಿಗುವ ಕೈಪಿಡಿ ಇನ್ನೆಲ್ಲೂ ಇಲ್ಲವೆಂದು ಬರೆದುಕೊಂಡು ಹೋಗುತ್ತಾರೆ. ಮೆಟ್ಟಿಲು ಹತ್ತಿ ಎಲ್ಲರ ಆರೋಗ್ಯ ಸುಧಾರಿಸಿದೆ.

ಆದೇಶ ತೋರಿಸಿದ್ದಕ್ಕೆ ಮನೆ ಸಿಕ್ಕಿತು. ಎರಡು ಕೋಣೆ, ಗಾಳಿ ಬೆಳಕು ಚೆನ್ನಾಗಿದೆ. ಹೆಂಡತಿ ಅವನ ಹಳೆಯ ಚಪ್ಪಲಿಗಳನ್ನು ಬಾಗಿಲ ಬಳಿ ಜೋಡಿಸಿಟ್ಟು, ಒಲೆಯ ಮೇಲೆ ಇಬ್ಬರಿಗಾಗುವಷ್ಟು ಅನ್ನಕ್ಕಿಟ್ಟಳು. ಪಕ್ಕದ ಮನೆಯಾಕೆ ಪರಿಚಯ ಮಾಡಿಕೊಳ್ಳಲು ಬಂದು, ಬಾಗಿಲಲ್ಲೇ ನಿಂತು, ಚಪ್ಪಲಿಗಳನ್ನು ನೋಡಿ ಕೇಳಿದರು:

“ಯಜಮಾನ್ರು ಮನೇಲಿಲ್ವಾ?”

“ಬರ್ತಿದ್ದಾರೆ,” ಎಂದಳು ಅವಳು. “ಎರಡು ನಿಮಿಷ ಅಂದಿದ್ದಾರೆ.”